ಗುಡೂರ ಸರ್ ಮತ್ತು ಸರಿಯಾಗಿ ತೂಗುವ ಅಂಗಡಿಕಾರ

ಸುಳ್ಳು ಹೇಳಬಾರದು ಎಂದು ಬಾಗಲಕೋಟೆಯ ನವನಗರದಲ್ಲಿ ಮನೆಮನೆಗೂ ಪುಕ್ಕಟೆಯಾಗಿ ಹೇಳುವವರಿದ್ದಾರೆ. ಅದನ್ನೇ ತಾಸಿಗಿಷ್ಟು ಎಂದು ಮಾತಾಡಿಕೊಂಡು ಹೇಳುವವರು ಗುಡೂರ ಸರ್ ಒಬ್ಬರೇ.

ಪೂರ್ತಿ ಹೆಸರು ಹೊಳಬಸಪ್ಪ ಗುಡೂರ. ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತತ್ತ್ವಶಾಸ್ತ್ರ ಕಲಿಸಿದರು. ಕೊನೆಯ ಆರು ವರ್ಷ ಆ ವಿಷಯ ಬೇಕೆನ್ನುವ ಒಂದು ನರಪಿಳ್ಳೆಯೂ ಸಿಗದೆ, ಸೈಕಲ್ ಸ್ಟ್ಯಾಂಡು ಮತ್ತು ಗ್ಯಾದರಿಂಗಿನ ಪೆಂಡಾಲು ನೋಡಿಕೊಂಡು ನಿವೃತ್ತರಾದರು. ಆಮೇಲೆ ಅವರ ದೆಸೆ ತಿರುಗಿತು. ದೊಡ್ಡ ಸಾಹೇಬರಾಗುವವರಿಗೆ ನೀತಿಯೂ ಇರಬೇಕೆಂದು ಮೇಲಿನವರಿಗೆ ತಡವಾಗಿ ಹೊಳೆದು, ನೌಕರಿಯ ಪರೀಕ್ಷೆಗಳಲ್ಲಿ ಅದಕ್ಕೊಂದು ಪ್ರಶ್ನೆಪತ್ರಿಕೆಯೇ ಬಂತು. ನೀತಿಗೆ ಪರೀಕ್ಷೆ ಬಂದ ಮೇಲೆ ನೀತಿಗೆ ಕೋಚಿಂಗ್ ಕ್ಲಾಸೂ ಬೇಕಲ್ಲ. ಚೇತನಕುಮಾರ ಎಂಬ ಚುರುಕು ತರುಣ ನವನಗರದಲ್ಲಿ ಒಂದು ಮಹಡಿ ಬಾಡಿಗೆ ಹಿಡಿದು ಕ್ಲಾಸು ತೆಗೆದ, ನೀತಿ ಹೇಳುವುದಕ್ಕೆ ಗುಡೂರ ಸರ್ ಅವರನ್ನು ಹಿಡಿದ.

ಸರ್ ಅವರ ಕ್ಲಾಸಿನಲ್ಲಿ ಪಶ್ಚಿಮದ ಮಹಾನುಭಾವರೆಲ್ಲ ನಮ್ಮ ಓಣಿಯ ಮಂದಿಯ ಹಾಗೆ ಓಡಾಡುತ್ತಿದ್ದರು. ಕಾಂಟ್ ಅಂದರೆ ಕರ್ತವ್ಯ. ನೀನು ಮಾಡುವುದನ್ನು ಊರೆಲ್ಲ ಮಾಡಿದರೆ ಏನಾದೀತು ನೋಡು, ಆಮೇಲೆ ಮಾಡು. ಕೊಡಲಿ ಹಿಡಿದವನು ಬಾಗಿಲಿಗೆ ಬಂದು ನಿನ್ನ ಗೆಳೆಯ ಎಲ್ಲಿ ಅಡಗಿದ್ದಾನೆ ಎಂದರೂ ಸುಳ್ಳು ಹೇಳಬೇಡ. ಬೆಂಥಾಮ್ ಅಂದರೆ ಎಣಿಕೆ. ಯಾವುದರಿಂದ ಹೆಚ್ಚು ಮಂದಿಗೆ ಹೆಚ್ಚು ಸುಖವೋ ಅದೇ ಸರಿ. ಎಲ್ಲ ಸುಖವನ್ನೂ ಒಂದೇ ಬುಟ್ಟಿಯಲ್ಲಿ ಹಾಕಬೇಡಪ್ಪ, ಅದರಲ್ಲೂ ಮೇಲು ಕೀಳು ಇದೆ ಎಂದು ಮಿಲ್ ಬಂದು ತಿದ್ದಿದ. ಅರಿಸ್ಟಾಟಲ್ ಇವರಿಗಿಂತ ಎಷ್ಟೋ ಶತಮಾನ ಮೊದಲೇ, ಅತಿಯೂ ಬೇಡ ಕಡಿಮೆಯೂ ಬೇಡ, ಒಳ್ಳೆಯದನ್ನು ಮಾಡಿ ಮಾಡಿ ರೂಢಿಯಾದರೆ ಮಾತ್ರ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ಹೇಳಿ ಹೋಗಿದ್ದ. ಕಾಂಟ್ ವಾಕಿಂಗ್ ಹೊರಟರೆ ಅವನ ಊರವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಸರ್ ಕೂಡ ದಿನಾ ಸಂಜೆ ಐದಕ್ಕೆ ಸರಿಯಾಗಿ ವಾಕಿಂಗ್ ಹೊರಡುತ್ತಿದ್ದರು. ನವನಗರದ ಸೆಕ್ಟರಿನವರು ಯಾರೂ ಗಡಿಯಾರ ಮುಟ್ಟಲಿಲ್ಲ, ಅದು ಬೇರೆ ಮಾತು.

ಅವರ ಅಚ್ಚುಮೆಚ್ಚಿನ ಪಾಠ ಕಾಂಟನ ಅಂಗಡಿಕಾರನದು. ಸಣ್ಣ ಮಗುವೊಂದು ಬೆಲ್ಲ ತರಲು ಕಿರಾಣಿ ಅಂಗಡಿಗೆ ಹೋಗುತ್ತದೆ. ಅಂಗಡಿಕಾರ ಮೋಸ ಮಾಡಬಹುದು, ಮಾಡುವುದಿಲ್ಲ, ಸರಿಯಾಗಿ ತೂಗಿ ಕೊಡುತ್ತಾನೆ. ಯಾಕೆ? ಗೊತ್ತಾದರೆ ಗಿರಾಕಿ ತಪ್ಪುತ್ತಾರೆ ಎಂಬ ಅಂಜಿಕೆಯಿಂದ. ತೂಕ ಸರಿ, ಬೆಲ್ಲ ಸರಿ, ಆದರೆ ಕಾಂಟನ ತಕ್ಕಡಿಯಲ್ಲಿ ಆ ಪ್ರಾಮಾಣಿಕತೆಯ ಬೆಲೆ ಸೊನ್ನೆ. ಇಷ್ಟು ಹೇಳಿದ ಮೇಲೆ ಪ್ರತಿವರ್ಷ ಯಾರಾದರೂ ಒಬ್ಬರು, ಅವನು ಯಾಕೆ ಸರಿಯಾಗಿ ತೂಗಿದ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು ಸರ್ ಎಂದು ಕೇಳುತ್ತಿದ್ದರು. ಸರ್ ಆಗ ಚಸ್ಮಾ ತೆಗೆದು, ಯಾರಿಗೂ ಗೊತ್ತಾಗುವುದಿಲ್ಲ, ಅವನೊಬ್ಬನಿಗೇ ಗೊತ್ತು ಎಂದು ಮೆಲ್ಲಗೆ ಹೇಳುವರು. ಕ್ಲಾಸು ಗಪ್ಪಾಗುತ್ತಿತ್ತು. ಆ ಗಪ್ಪಿನ ರುಚಿ ಅವರಿಗೆ ಹತ್ತಿಬಿಟ್ಟಿತ್ತು.

ಈ ಓದನ್ನೆಲ್ಲ ಓದಿಸಿದ್ದು ಅಕ್ಕ ಬಾಳವ್ವ. ತಮ್ಮನಿಗಿಂತ ಹದಿಮೂರು ವರ್ಷ ದೊಡ್ಡವಳು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ತಮ್ಮನನ್ನು ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದಳು, ಸೀರೆ ನೇಯ್ದು ಧಾರವಾಡದಲ್ಲಿ ಎಂ.ಎ. ಮಾಡಿಸಿದಳು. ರಜೆಗೆ ಬಂದ ತಮ್ಮ ಒಂದು ಸಲ ಹುರುಪಿನಿಂದ ಅರ್ಧ ತಾಸು ಕಾಂಟನನ್ನು ವಿವರಿಸಿದ. ಬಾಳವ್ವ ಲಾಳಿ ನಿಲ್ಲಿಸದೆ ಕೇಳಿಸಿಕೊಂಡಳು.

"ಖರೆ ಹೇಳಬೇಕು ಅನ್ನೂದಕ್ಕ ಅಷ್ಟ ದೂರದಿಂದ ಒಬ್ಬಾಂವ ಬರಬೇಕಾತೇನು ತಮ್ಮಾ?" ಎಂದಳು.

ಈ ಮಾತನ್ನು ಮುಂದೆ ಸರ್ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದುಂಟು. ಪಾಪ, ಸಾಲೆ ಕಲಿಯದ ಹೆಂಗಸು.

ಸಾಲೆ ಕಲಿಯದ ಹೆಂಗಸಿನ ಕೈ ಮಾತ್ರ ಇಳಕಲ್ಲಿಗೆಲ್ಲ ಹೆಸರುವಾಸಿ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮಗ್ಗಕ್ಕೆ ಏರಿಸುವಾಗ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಒಂದು ಜಾರಿದರೂ ಸೀರೆ ಅಲ್ಲಿ ಬಾಯಿ ಬಿಡುತ್ತದೆ. ಬಾಳವ್ವ ದಡಿಯ ಪಕ್ಕದ ಕಡೆಯ ಕೊಂಡಿಗೆ ಒಂದು ಸುತ್ತು ಹೆಚ್ಚು ಹಾಕುತ್ತಿದ್ದಳು, ಅವಳ ತಾಯಿ ಹಾಗೆ ಹಾಕುತ್ತಿದ್ದಳೆಂದು. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ.

ಕಣ್ಣಿಗೆ ಪೊರೆ ಬಂದು ಮಗ್ಗ ನಿಲ್ಲಿಸುವ ಮೊದಲು ಅವಳು ಕಡೆಯದಾಗಿ ಒಂದು ಸೀರೆ ನೇಯ್ದಳು. ದಾಳಿಂಬೆ ಬಣ್ಣದ ಮೈ, ಟೋಪ ತೆನಿ ವಿನ್ಯಾಸದ ಕೆಂಪು ಸೆರಗು, ಎಲ್ಲ ಅಸಲಿ ರೇಷ್ಮೆ. ಅದು ತಮ್ಮನ ಮಗಳು ಶ್ರುತಿಗೆ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಎರಡು ಲವಂಗ ಇಟ್ಟು ತಮ್ಮನ ಕೈಯಲ್ಲಿ ಕೊಟ್ಟಳು. ಶ್ರುತಿ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು, ಸೀರೆ ನವನಗರದ ಕಪಾಟು ಸೇರಿತು.

ಇನ್ನು ನಮ್ಮ ಕಡೆಯ ಆಯೇರಿಯ ವಿಚಾರ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸ, ಹೊಸ ಮನೆಯ ವಾಸ್ತು, ಏನೇ ಇರಲಿ, ಹೋದವರು ಬಟ್ಟೆ ಕೊಡಬೇಕು, ಕರೆದವರೂ ತಿರುಗಿ ಕೊಡಬೇಕು. ಅದೇ ಆಯೇರಿ. ಹಾಗೆ ಬಂದ ಸೀರೆಯನ್ನು ಉಡುವ ಹುಚ್ಚರು ಯಾರೂ ಇಲ್ಲ. ಅದು ಕಪಾಟಿನಲ್ಲಿ ನಾಲ್ಕು ದಿನ ವಿಶ್ರಾಂತಿ ತೆಗೆದುಕೊಂಡು ಮುಂದಿನ ಮನೆಗೆ ಹೊರಡುತ್ತದೆ. ಬಾಗಲಕೋಟೆಯಲ್ಲಿ ಬಿಟ್ಟ ಸೀರೆ ಬಾದಾಮಿ, ಹುನಗುಂದ ಎಲ್ಲ ನೋಡಿಕೊಂಡು, ಮಡಿಕೆ ಬಿಚ್ಚದೆ ಎರಡು ವರ್ಷಕ್ಕೆ ಕೊಟ್ಟವರ ಮನೆಗೇ ಬಂದು ಬಿದ್ದ ಉದಾಹರಣೆ ಬೇಕಾದಷ್ಟಿವೆ.

ಹೋದ ವರ್ಷ ಚೇತನಕುಮಾರ ಹೊಸ ಮನೆ ಕಟ್ಟಿ ವಾಸ್ತು ಇಟ್ಟುಕೊಂಡ. ಕ್ಲಾಸಿನ ಹೊಸ ಬ್ಯಾನರಿನಲ್ಲಿ ಯಾರ ಫೋಟೋ ದೊಡ್ಡದು ಎಂಬುದು ಅದೇ ವಾರ ತೀರ್ಮಾನವಾಗಬೇಕಿತ್ತು. ಸರ್ ಅವರ ಹೆಂಡತಿ ಮಹಾನಂದಾ ತವರೂರು ಗುಳೇದಗುಡ್ಡಕ್ಕೆ ಹೋಗಿದ್ದರು. ಸರ್ ಒಬ್ಬರೇ ಕಪಾಟು ತೆಗೆದರು. ಆಯೇರಿಗೆ ಬಂದ ಮೂರು ಸೀರೆಗಳಿದ್ದವು, ಮೂರೂ ಮುಟ್ಟಿದರೆ ಜಾರುವ ಮಾಲು. ಅವುಗಳ ಕೆಳಗೆ ಧೋತರದ ಗಂಟು. ಸರ್ ಬಿಚ್ಚಿ ನೋಡಿದರು. ಯಾರದೆಂದು ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ, ಲವಂಗದ ವಾಸನೆಯೇ ಹೇಳುತ್ತಿತ್ತು. ಐದು ನಿಮಿಷ ನಿಂತರು. ಶ್ರುತಿಗೆ ಸೀರೆ ಉಡಲು ಬರುವುದಿಲ್ಲ. ಸೀರೆ ಸುಮ್ಮನೆ ಕತ್ತಲಲ್ಲಿ ಬಿದ್ದಿದೆ, ಯಾರಿಗೂ ಸುಖವಿಲ್ಲ. ಕೊಟ್ಟರೆ ಚೇತನಕುಮಾರನಿಗೆ ಸುಖ, ಅವನ ಹೆಂಡತಿ ಸುನಂದಾಗೆ ಸುಖ, ತನಗೂ ಒಂದಿಷ್ಟು. ಅಕ್ಕನಿಗೆ ಗೊತ್ತೇ ಆಗುವುದಿಲ್ಲವಾದ್ದರಿಂದ ಅವಳಿಗೆ ದುಃಖವೂ ಇಲ್ಲ. ಬೆಂಥಾಮ್ ಬಂದು ಬೆನ್ನು ತಟ್ಟಿದ ಹಾಗಾಯಿತು. ಧೋತರ ತೆಗೆದು, ಅಂಗಡಿಯ ಚಂದದ ಡಬ್ಬಿಯಲ್ಲಿ ಸೀರೆ ಇಟ್ಟು ಒಯ್ದು ಕೊಟ್ಟರು. ಬ್ಯಾನರಿನಲ್ಲಿ ಫೋಟೋ ದೊಡ್ಡದೇ ಬಂತು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಗುಡೂರ ಸರ್ ಬದನೆಕಾಯಿ ತಿನ್ನುವುದಕ್ಕೂ ಶಾಸ್ತ್ರದ ಅಪ್ಪಣೆ ತೆಗೆದುಕೊಂಡು ತಿನ್ನುವವರು.

ಇದಾಗಿ ಎಂಟು ತಿಂಗಳ ಮೇಲೆ, ಒಂದು ಗುರುವಾರ ಇಳಕಲ್ಲಿನಿಂದ ಬಾಳವ್ವನ ಫೋನು ಬಂತು. ಕಣ್ಣಿನ ಆಪರೇಶನ್ ಆಗಿ ಈಗ ಚೆನ್ನಾಗಿ ಕಾಣುತ್ತದೆಂದಳು. ಊರಿನಲ್ಲಿ ಒಂದು ಸಂಘದವರು ಹುಡುಗಿಯರಿಗೆ ಕೊಂಡಿ ಕಲಿಸುವ ಕೇಂದ್ರ ತೆರೆಯುತ್ತಿದ್ದಾರೆ, ಕಲಿಸಲು ಒಬ್ಬಳು ಬೇಕು. ಕೇಳಿದವರು ಬಹಳ ಜನ. ತನ್ನ ಕೈಯಿಂದ ನೇಯ್ದ ಸೀರೆಯೊಂದನ್ನು ತೋರಿಸಬೇಕು, ಇದು ಇವಳೇ ನೇಯ್ದದ್ದು ಎಂದು ಬಲ್ಲವರೊಬ್ಬರು ಕಾಗದದ ಮೇಲೆ ಸಾಕ್ಷಿ ಸಹಿ ಹಾಕಬೇಕು. ಸೋಮವಾರ ಕಡೆಯ ದಿನ. ಮಗ್ಗ ನಿಂತ ಮೇಲೆ ನಾಲ್ಕು ವರ್ಷ ಅವಳು ಓಣಿಯವರ ಮನೆಯಲ್ಲಿ ನೂಲು ಸುತ್ತಿ ದಿನ ತಳ್ಳಿದ್ದಳು. ಇದು ಸಿಕ್ಕರೆ ಕಲಿತ ವಿದ್ಯೆಯಿಂದ ಬದುಕಬಹುದು ಎಂಬ ಆಸೆ ದನಿಯಲ್ಲಿ ಕೇಳುತ್ತಿತ್ತು.

"ಶ್ರುತಿಗೆ ಕೊಟ್ಟ ಸೀರಿ ಐತೆಲ್ಲಾ, ಅದನ್ನ ತಗೊಂಬಾ. ತೋರಿಸಿ ಕೊಡ್ತೇನಿ. ಐತಿಲ್ಲೋ?" ಎಂದಳು.

"ಐತಕ್ಕಾ. ಕಪಾಟಿನ್ಯಾಗ ಧೋತರದಾಗ ಸುತ್ತಿದ್ದು ಸುತ್ತಿದಂಗ ಐತಿ. ರವಿವಾರ ತರ್ತೇನಿ," ಎಂದರು ಸರ್, ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ.

ಆಮೇಲೆ ಬಾಳವ್ವ, ಸಹಿಯನ್ನೂ ನೀನೇ ಮಾಡುವಿಯಂತೆ ಎಂದು ಫೋನಿಟ್ಟಳು.

ಸಾಕ್ಷಿ ಎಂದ ಕೂಡಲೆ ಸರ್ ಅವರಿಗೆ ಶಿಕ್ಕಾ ನೆನಪಾಯಿತು. ಕೋಚಿಂಗ್ ಕ್ಲಾಸು ಶುರುವಾದ ವಾರವೇ ಮಾಡಿಸಿಟ್ಟುಕೊಂಡಿದ್ದ ರಬ್ಬರ್ ಶಿಕ್ಕಾ: ಹೊಳಬಸಪ್ಪ ಗುಡೂರ, ನಿವೃತ್ತ ಪ್ರಾಧ್ಯಾಪಕರು, ನೀತಿಶಾಸ್ತ್ರ. ಇದುವರೆಗೆ ಅದನ್ನು ಒತ್ತುವ ಯೋಗ ಬಂದಿರಲಿಲ್ಲ. ಹುಡುಕಿ ತೆಗೆದು ಜೇಬಿನಲ್ಲಿಟ್ಟುಕೊಂಡರು. ಸೀರೆ ಇಲ್ಲವೆಂಬುದು ಆಮೇಲೆ ನೆನಪಾಯಿತು.

ಮಹಾನಂದಾ ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡರು. ಸರ್ ಕೂತು, ಇದೊಂದು ಧರ್ಮಸಂಕಟ, ಕಾಂಟನ ಪ್ರಕಾರ ಹೀಗೆ, ಬೆಂಥಾಮನ ಪ್ರಕಾರ ಹಾಗೆ, ಕೊಡಲಿ ಹಿಡಿದವನು ಬಾಗಿಲಿಗೆ ಬಂದಾಗ ಎಂದು ಶುರುಮಾಡಿದರು.

"ಬಾಗಲಾಗ ನಿಂತಾಕಿ ನಿಮ್ಮನ್ನ ಸಾಕಿದ ಅಕ್ಕ," ಎಂದರು ಮಹಾನಂದಾ. "ಫೋನ್ ಮಾಡಿ, ಕೊಟ್ಟಬಿಟ್ಟೆ ತಪ್ಪಾತು ಅನ್ರಿ. ಒಂದ ನಿಮಿಷದ ಮಾತೈತಿ."

ಒಂದು ನಿಮಿಷದಲ್ಲಿ ಮುಗಿಯುವ ನೀತಿ ಸರ್ ಅವರಿಗೆ ಯಾವತ್ತೂ ರುಚಿಸಿದ್ದಿಲ್ಲ. ಅವರು ಚೇತನಕುಮಾರನ ಮನೆಗೆ ಹೋದರು.

ಸುನಂದಾ ಚಹಾ ಕೊಟ್ಟಳು. ಆಯೇರಿ ಸೀರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮುಂದಿನ ಮನೆಗೆ ಕೊಡಬೇಕು, ಅದು ತಮ್ಮ ಮನೆಯ ಪದ್ಧತಿ ಎಂದು ನಿರ್ಮಲವಾಗಿ ಹೇಳಿದಳು. ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಅವಳ ಸೋದರಮಾವ ರಾಜಕುಮಾರನ ಮಗಳ ಕುಬಸ ಇತ್ತು, ಅಲ್ಲಿಗೆ ಕೊಟ್ಟಿದ್ದಳು. ಪದ್ಧತಿ ಎಂಬ ಮಾತು ಕೇಳಿ ಸರ್ ಅವರ ಒಳಗಿನ ಮಾಸ್ತರ ಎದ್ದು ಕೂತ. ಇದೇ ನಿಯಮವನ್ನು ಊರೆಲ್ಲ ಪಾಲಿಸಿದರೆ ಏನಾದೀತು ಎಂದು ಕಾಂಟನ ಹಾಗೆ ಒರೆಹಚ್ಚಿ ನೋಡಿದರು. ಯಾವ ಸೀರೆಯನ್ನೂ ಯಾರೂ ಉಡುವುದಿಲ್ಲ, ಎಲ್ಲವೂ ಸುಮ್ಮನೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಆಮೇಲೆ ಹೊಳೆಯಿತು, ಊರೆಲ್ಲ ಪಾಲಿಸುತ್ತಲೇ ಇದೆ. ಕಾಂಟನಿಗೆ ಬಾಗಲಕೋಟೆ ಜಿಲ್ಲೆ ಗೊತ್ತಿರಲಿಲ್ಲ.

ರವಿವಾರ ಬೆಳಗಿನ ಬಸ್ಸಿಗೆ ಬಾದಾಮಿ, ಅಲ್ಲಿಂದ ಟಂಟಂ ಆಟೋದಲ್ಲಿ ಚೊಳಚಗುಡ್ಡ. ರಾಜಕುಮಾರ ಬಾದಾಮಿಯಲ್ಲಿ ಲಾಡ್ಜ್ ಇಟ್ಟವನು, ಮಾತಿನ ಮನುಷ್ಯ. ಸೀರೆಯ ವಿಷಯ ಬಂದದ್ದೇ ಬೆರಳು ಮಡಚಿ ಎಣಿಸತೊಡಗಿದ. ಸುನಂದಾಗೆ ಕೊಟ್ಟ ಸಮಾಧಾನ. ತನ್ನ ಹೆಂಡತಿಗೆ ಪ್ಯಾಟಿಗೆ ಹೋಗುವ ತ್ರಾಸು ಉಳಿಯಿತು. ಕುಬಸದ ತಾಟಿನಲ್ಲಿ ಐದು ಸೀರೆ ನೋಡಿ ಹುನಗುಂದದ ಬೀಗರು ಖುಷಿ. ಮಗಳೂ ಖುಷಿ. ಯಾರಿಗೂ ಲುಕ್ಸಾನಿಲ್ಲ ನೋಡ್ರಿ ಸರ್ ಎಂದು ಐದನೆಯ ಬೆರಳ ಹತ್ತಿರ ನಿಲ್ಲಿಸಿ ನಕ್ಕ. ಇದೇ ಎಣಿಕೆಯನ್ನು ಸರ್ ತಮ್ಮ ಕಪಾಟಿನ ಮುಂದೆ ನಿಂತು ಮಾಡಿದ್ದರು. ಆಗ ಅದು ದೊಡ್ಡ ಸಿದ್ಧಾಂತವಾಗಿ ಕಂಡಿತ್ತು. ಲಾಡ್ಜಿನವನ ಬಾಯಲ್ಲಿ ಕೇಳಿದಾಗ ಬರೀ ಸಣ್ಣತನವಾಗಿ ಕಂಡಿತು, ಅವರಿಗೆ ಹೇಸಿಗೆಯೂ ಆಯಿತು.

ರಾಜಕುಮಾರ ಹುನಗುಂದದ ಮಗಳಿಗೆ ಫೋನು ಹಚ್ಚಿ ಕೇಳಿದ. ಸೀರೆ ತನ್ನ ಹತ್ತಿರ ಇಲ್ಲ, ಫಾಲ್ ಹಚ್ಚಲು ಕೊಟ್ಟಿದ್ದೆ, ಬಹಳ ಭಾರವೆಂದು ಅಲ್ಲೇ ಬದಲಿ ಮಾಡಿಕೊಂಡೆ, ನರ್ಗೀಸ ಟೇಲರ್ ಹತ್ತಿರ ಇದೆ ಎಂದಳು ಮಗಳು.

ಮಧ್ಯಾಹ್ನಕ್ಕೆ ಸರ್ ಹುನಗುಂದ ಮುಟ್ಟಿದರು. ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ಅರ್ಧ ಕಿಲೋ ಕರದಂಟು ಕೊಂಡಿದ್ದರು. ಸೀರೆ ಬಿಡಿಸಿಕೊಳ್ಳಲು ಏನಾದರೂ ಸಿಹಿ ಬೇಕಲ್ಲ. ನರ್ಗೀಸಳ ಅಂಗಡಿ ಅಂದರೆ ಅವಳ ಮನೆಯ ಪಡಸಾಲೆಯೇ. ಒಂದು ಹೊಲಿಗೆ ಮಷಿನ್ನು, ಗೋಡೆಗೆ ತೂಗುಬಿಟ್ಟ ಖಣದ ಕುಪ್ಪಸಗಳು, ನೆಲದ ತುಂಬ ಬಣ್ಣಬಣ್ಣದ ದಾರದ ಚೂರು. ನಲವತ್ತರ ಹೆಂಗಸು. ಕುಪ್ಪಸಗಳ ಕೆಳಗಿದ್ದ ಬೆಂಚಿನ ಮೇಲಿನ ಬಟ್ಟೆಯ ರಾಶಿ ಸರಿಸಿ ಸರ್ ಅವರನ್ನು ಕೂರಿಸಿದಳು. ಅವರು ಯಾರೆಂದು ಹೇಳಿದ ಮೇಲೆ ಅವಳ ಮುಖ ಅರಳಿತು. ಅವಳ ತವರು ಇಳಕಲ್ಲು. ಅವಳ ತಾಯಿ ಬಾಳವ್ವನ ಮನೆಯಲ್ಲಿ ನೂಲು ಸುತ್ತುತ್ತಿದ್ದಳು, ಸಣ್ಣ ಹುಡುಗಿ ನರ್ಗೀಸ ಅಲ್ಲೇ ಕೂತು ಕೊಂಡಿ ಹಾಕುವುದನ್ನು ಕಲಿತಿದ್ದಳು.

ಫಾಲ್ ಹಚ್ಚುವಾಗ ಸೆರಗಿನ ಸಂದಿಯಲ್ಲಿ ಅವಳ ಬೆರಳು ಹಾಯಿತು, ದಡಿಯ ಹತ್ತಿರ ಒಂದು ಸುತ್ತು ಹೆಚ್ಚಿನ ಕೊಂಡಿ ತಾಗಿತು. ಬಾಳವ್ವನದೆಂದು ಗೊತ್ತಾಯಿತು. ಆ ಹುಡುಗಿಗೆ ಸೀರೆ ಭಾರವಾಗಿತ್ತು, ನರ್ಗೀಸ ಈದ್‌ಗೆಂದು ಕೊಂಡಿದ್ದ ತನ್ನ ಹೊಸ ಸೀರೆ ಕೊಟ್ಟು ಇದನ್ನು ಬದಲಿಗೆ ಇಟ್ಟುಕೊಂಡಳು. ಮರುದಿನವೇ ಇಳಕಲ್ಲಿಗೆ ಹೋಗಿ ಬಾಳವ್ವನ ಕೈಗೆ ಕೊಟ್ಟು ಬಂದಳು. ಹದಿನೈದು ದಿನವಾಯಿತು ಎಂದಳು.

ಸರ್ ಅವರ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಗುರುವಾರ ಬಾಳವ್ವ ಫೋನು ಮಾಡಿದಾಗ ಸೀರೆ ಅವಳ ಮನೆಯಲ್ಲೇ ಇತ್ತು. ಐತಿಲ್ಲೋ ಎಂದು ಕೇಳಿದ್ದಳು. ಸುತ್ತಿದ್ದು ಸುತ್ತಿದಂಗ ಐತಿ ಎಂದಿದ್ದರು ಇವರು.

"ಅಕ್ಕ ಏನಂದ್ಲು?" ಎಂದು ಕೇಳಿದರು.

"ಬೈಲಿಲ್ರಿ ಅಣ್ಣಾರ. ಸೀರಿ ತೊಡಿ ಮ್ಯಾಲ ಇಟ್ಕೊಂಡು ಭಾಳ ಹೊತ್ತು ಕುಂತ್ರು. ಏನೋ ಅಡಚಣಿ ಆಗಿರಬೇಕು, ತಮ್ಮ ತಾನ ಹೇಳ್ತಾನ ತಡಿ, ಅಂದ್ರು."

ಸರ್ ಲೋಟವನ್ನು ಬೆಂಚಿನ ಮೇಲಿಟ್ಟರು. ಆದರೂ ಹಾಳು ರೂಢಿ ಬಿಡಬೇಕಲ್ಲ. ಸ್ವಂತ ಹಬ್ಬದ ಸೀರೆ ಕೊಟ್ಟು ಬೇರೆಯವರ ಸೀರೆ ಬಿಡಿಸಿ ಮುಟ್ಟಿಸಿದೆಯಲ್ಲ, ಯಾಕೆ ಎಂದು ಕೇಳಿದರು. ಕರ್ತವ್ಯವೋ, ಸುಖದ ಎಣಿಕೆಯೋ, ಏನಾದರೊಂದು ಬಂದೀತೆಂದು ಕಾದರು. ನರ್ಗೀಸಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅವ್ರದ ಅಲ್ರಿ ಅದು?" ಎಂದಳು.

ಹುನಗುಂದದಿಂದ ಇಳಕಲ್ಲಿಗೆ ಅರ್ಧ ತಾಸಿನ ದಾರಿ. ಮೊದಲ ಹದಿನೈದು ನಿಮಿಷ ಸರ್ ನಿಜವಾಗಿಯೂ ಅತ್ತರು, ಕಿಟಕಿಯ ಕಡೆ ಮುಖ ಮಾಡಿಕೊಂಡು. ಉಳಿದ ಹದಿನೈದು ನಿಮಿಷದಲ್ಲಿ ಭಾಷಣ ತಯಾರಾಯಿತು. ಸತ್ಯ ಹೇಳಬೇಕು. ಫಲ ಏನೇ ಆಗಲಿ ಹೇಳಬೇಕು, ಯಾಕೆಂದರೆ ಅದು ಕರ್ತವ್ಯ. ಅಕ್ಕನಿಗೆ ಮೊದಲೇ ಗೊತ್ತಿದೆ ಎಂಬುದು ಆ ಕರ್ತವ್ಯವನ್ನು ಎಷ್ಟು ಹಗುರ ಮಾಡಿತು ಎಂಬ ಕಡೆ ಅವರು ನೋಡಲಿಲ್ಲ. ಬಸ್ಸು ಇಳಿಯುವಾಗ ಎದೆ ಸೆಟೆದಿತ್ತು.

ಬಾಳವ್ವ ಪಡಸಾಲೆಯಲ್ಲಿ, ನಿಂತ ಮಗ್ಗದ ಪಕ್ಕ ಕೂತಿದ್ದಳು. ಮುಂದೆ ಸಂಘದ ಕಾಗದ ಇತ್ತು. ಎಲ್ಲ ತುಂಬಿತ್ತು, ಕೆಳಗೆ ಸಾಕ್ಷಿ ಎಂದಿರುವಲ್ಲಿ ಮಾತ್ರ ಖಾಲಿ. ಸರ್ ಕರದಂಟು ಇಟ್ಟರು, ಅಕ್ಕನ ಕಾಲು ಮುಟ್ಟಿದರು, ನಿಂತುಕೊಂಡೇ ಶುರುಮಾಡಿದರು. ಸೀರೆ ನನ್ನ ಹತ್ತಿರ ಇಲ್ಲ. ಬ್ಯಾನರಿನ ಆಸೆಗೆ, ತಿಳಿದೂ ತಿಳಿದೂ ಆಯೇರಿಗೆ ಕೊಟ್ಟೆ. ಫೋನಿನಲ್ಲಿ ಸುಳ್ಳು ಹೇಳಿದೆ. ನೀ ಬೈದರೂ ಸರಿ, ಹೊಡೆದರೂ ಸರಿ, ಖರೆ ಹೇಳದೆ ಇರಲು ಆಗಲಿಲ್ಲ ಎಂದರು. ಕ್ಲಾಸಿನಲ್ಲಿ ಕೂಡ ಅವರು ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ.

ಬಾಳವ್ವನ ಕಣ್ಣು ತುಂಬಿ ಬಂದವು. ಹದಿನೈದು ದಿನ ಕಾದ ಮಾತು ಬಂದಿತ್ತು. ಪಕ್ಕದಲ್ಲಿದ್ದ ಟ್ರಂಕಿನಿಂದ ದಾಳಿಂಬೆ ಬಣ್ಣದ ಸೀರೆ ತೆಗೆದು ಮುಂದಿಟ್ಟಳು. ಸರ್ ಬೆರಗಾದ ಹಾಗೆ ಮಾಡಿದರು. ಅವಳು ಕಾಗದವನ್ನು ತಮ್ಮನ ಕಡೆ ಸರಿಸಿದಳು, ಪೆನ್ನನ್ನೂ ಅದರ ಮೇಲಿಟ್ಟಳು. ಸರ್ ಜೇಬಿಗೆ ಕೈ ಹಾಕಿ ಶಿಕ್ಕಾ ಹಿಡಿದುಕೊಂಡರು.

"ಕುಂದರು, ದಣದೀ," ಎಂದಳು. "ಸೀದಾ ಬಾಗಲಕೋಟಿಯಿಂದನ ಬಂದ್ಯೋ, ನಡುವ ಎಲ್ಲೆರ ಇಳದಿದ್ಯೋ?"

ಸಾದಾ ಪ್ರಶ್ನೆ. ಹುನಗುಂದದಲ್ಲಿ ಇಳಿದಿದ್ದೆ, ನರ್ಗೀಸ ಎಲ್ಲ ಹೇಳಿದಳು ಎಂದರೆ ಮುಗಿಯುತ್ತಿತ್ತು. ಬಾಳವ್ವ ಅದಕ್ಕೂ ತಲೆದೂಗಿ ಸಹಿ ಮಾಡಿಸಿಕೊಳ್ಳುತ್ತಿದ್ದಳು. ಆದರೆ ಸರ್ ವರ್ಷಗಟ್ಟಲೆ ಆ ಅಂಗಡಿಕಾರನ ಪಾಠ ಮಾಡಿದವರು. ಸಿಕ್ಕಿಬಿದ್ದ ಮೇಲೆ ಹೇಳಿದ ಸತ್ಯಕ್ಕೆ ಎಷ್ಟು ಬೆಲೆ ಎಂದು ಜಿಲ್ಲೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಷ್ಟು ಚಂದದ ತಪ್ಪೊಪ್ಪಿಗೆ ಸೊನ್ನೆಯಾಗುವುದನ್ನು ನೋಡಲು ಅವರಿಂದಾಗಲಿಲ್ಲ.

"ಎಲ್ಲೂ ಇಳೀಲಿಲ್ಲಕ್ಕಾ. ಮನಸ್ಸ ತಡೀಲಿಲ್ಲ, ಸೀದಾ ಬಂದೆ."

ಬಾಳವ್ವ ಅವರನ್ನೇ ನೋಡಿದಳು. ಆಪರೇಶನ್ ಆದ ಕಣ್ಣು, ಸ್ವಚ್ಛ ಕಾಣುವ ಕಣ್ಣು. ಕೈ ಚಾಚಿ ತಮ್ಮನ ಹೆಗಲ ಮೇಲಿನಿಂದ ಏನನ್ನೋ ಎತ್ತಿಕೊಂಡಳು. ಹಸಿರು ದಾರದ ಒಂದು ಚೂರು. ಬೆರಳಲ್ಲಿ ಹೊರಳಿಸಿ ನೋಡಿ, ಕಾಗದದ ಮೇಲೆ, ಸಾಕ್ಷಿ ಎಂದಿರುವಲ್ಲಿ ಇಟ್ಟಳು. ಅವರ ತೋಳಿನ ಮೇಲೆ ಇನ್ನೊಂದಿತ್ತು, ಕುಪ್ಪಸದ ಖಣದ್ದು. ಅದನ್ನೂ ತೆಗೆದಳು. ಅರವತ್ತು ವರ್ಷ ಎಳೆಯ ಜೊತೆ ಬಾಳಿದವಳಿಗೆ ಅದು ಯಾವ ಮಷಿನ್ನಿನ ಕೆಳಗೆ ಬಿದ್ದಿದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಕಾಗದ ಮಡಚಿದಳು.

"ರೊಟ್ಟಿ ಬಡೀತೇನಿ, ಉಂಡ ಹೋಗು," ಎಂದು ಎದ್ದಳು.

"ಸಹಿ, ಅಕ್ಕಾ? ಶಿಕ್ಕಾನೂ ತಂದೇನಿ."

"ಬ್ಯಾಡ ಬಿಡು. ಸಂಜಿಮುಂದ ನರ್ಗೀಸ ಬರ್ತಾಳ. ಆಕಿ ಮಾಡ್ತಾಳ."

ಅವಳು ಟೇಲರ್, ತಾವು ಪ್ರಾಧ್ಯಾಪಕರು, ಕಾಗದಕ್ಕೆ ಒಂದು ತೂಕ ಬರುತ್ತದೆ ಎಂದು ಸರ್ ತಿಳಿಸಿ ಹೇಳಿದರು. ದನಿ ಸಣ್ಣದಾಗುತ್ತಿತ್ತು.

"ಇದನ್ನ ಬಾಳವ್ವ ನೇದಾಳ ಅಂತ ಖರೆ ಹೇಳೂದಷ್ಟ ಐತಿ ತಮ್ಮಾ," ಎಂದಳು ಬಾಳವ್ವ. "ಅದಕ್ಕ ಅಷ್ಟ ಓದಿದವರು ಬ್ಯಾಡ."

ಬಿಸಿ ರೊಟ್ಟಿ, ಮುಳಗಾಯಿ ಪಲ್ಯ, ಅಂದರೆ ಅದೇ ಬದನೆಕಾಯಿ, ಮೇಲೆ ಬೆಣ್ಣೆ. ತಟ್ಟೆಗೆ ತಾನೇ ಬಡಿಸಿದಳು, ಇನ್ನೊಂದು ಹಾಕಿಸಿಕೋ ಎಂದು ಒತ್ತಾಯಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸರ್ ಅವರಿಗೆ ಆ ಊಟದುದ್ದಕ್ಕೂ ಅನ್ನಿಸಿತು. ಶಿಕ್ಕಾ ಜೇಬಿನಲ್ಲೇ ವಾಪಸು ಬಂತು. ಸೋಮವಾರ ಕಾಗದ ಸಂಘಕ್ಕೆ ಮುಟ್ಟಿತು, ಕೆಳಗೆ ನರ್ಗೀಸಳ ಸೊಟ್ಟ ಸಹಿ ಇತ್ತು. ಮುಂದಿನ ತಿಂಗಳಿನಿಂದ ಬಾಳವ್ವನ ಎದುರಿಗೆ ಏಳು ಹುಡುಗಿಯರು ಕೊಂಡಿ ಹಾಕಲು ಕೂತರು.

ಅದೇ ಸೋಮವಾರ ನವನಗರದಲ್ಲಿ ಹೊಸ ಬ್ಯಾಚು. ಗುಡೂರ ಸರ್ ದೊಡ್ಡ ಫೋಟೋದ ಬ್ಯಾನರಿನ ಕೆಳಗೆ ಹಾಯ್ದು ಮಹಡಿ ಹತ್ತಿದರು, ಪಾಠ ಶುರುಮಾಡಿದರು, ಬೇಡ ಬೇಡವೆಂದರೂ ಅಂಗಡಿಕಾರ ಬಂದೇ ಬಂದ. ಬೆಲ್ಲ ತೂಗಿದ, ಸರಿಯಾಗಿ ತೂಗಿದ, ಸೊನ್ನೆ ತೆಗೆದುಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಮುಮ್ತಾಜ ಎಂಬ ಹುಡುಗಿ ಕೈ ಎತ್ತಿದಳು.

"ಅಂವ ಯಾಕ ಸರಿ ತೂಗಿದಾ ಅಂತ ಹೊರಗಿನವ್ರಿಗೆ ಹೆಂಗ ಗೊತ್ತಾಗಬೇಕ್ರಿ ಸರ್?"

ಸರ್ ಚಸ್ಮಾ ತೆಗೆದರು. ಕ್ಲಾಸು ಉತ್ತರಕ್ಕೆ ಕಾಯಿತು. ಅವರ ಕೈ ತಾನಾಗಿಯೇ ಮೇಲೆ ಹೋಗಿ ಹೆಗಲು ಮುಟ್ಟಿ ನೋಡಿತು, ಒಂದು ಸಲ ಝಾಡಿಸಿತು.

"ಅದು ಪರೀಕ್ಷಾಕ್ಕ ಬರೂದಿಲ್ಲ," ಎಂದರು ಸರ್. "ಮುಂದ ಬರ್ಕೋರಿ."